ಕೆಳಮೂಲೆಯ ಕೊನೆಯ ಪದ

ಇಪ್ಪತ್ತಾರು ವರ್ಷ ನಾನು ಒಬ್ಬ ವ್ಯಕ್ತಿಯನ್ನು ಹದಿನೈದು ದಿನಕ್ಕೊಮ್ಮೆ ಬಾಯಿಗೆ ಬಂದಂತೆ ಬೈದಿದ್ದೇನೆ. ಮುಖ ನೋಡಿರಲಿಲ್ಲ, ಹೆಸರು ತಿಳಿದಿರಲಿಲ್ಲ. ತಿಳಿದಿದ್ದದ್ದು ಅಂಕಿತ ಮಾತ್ರ: ಟ್ರೆಡಲ್. ಹಳೆಯ ಹೊಲಿಗೆ ಯಂತ್ರವನ್ನು ಕಾಲಲ್ಲಿ ತುಳಿಯುತ್ತಾರಲ್ಲ, ಆ ಪೆಡಲ್ಲಿಗೆ ನಮ್ಮ ಕಡೆ ಹೇಳುವ ಹೆಸರು. ಲಂಡನ್ನಿನಿಂದ ಬರುವ ಪತ್ರಿಕೆಯ ಹಿಂಪುಟದಲ್ಲಿ, ಗುರುವಾರ ಬಿಟ್ಟು ಗುರುವಾರ, ಪದಬಂಧದ ನೆತ್ತಿಯ ಮೇಲೆ ಆ ಹೆಸರು ಕಂಡರೆ ಸಾಕು, ನನ್ನ ಬೆಳಗಿನ ಚಹಾ ಆರಿ ನೀರಾಯಿತೆಂದೇ ತಿಳಿಯಿರಿ.

ಯಾವುದೋ ದೇಶದ ರಾಜಧಾನಿ ಕೇಳುವ ಪದಬಂಧವಲ್ಲ ಇದು. ಇಲ್ಲಿ ಒಂದೊಂದು ಸುಳಿವೂ ಏನೂ ಅರಿಯದ ಮುಗ್ಧ ವಾಕ್ಯದ ಹಾಗೆ ಕೂತಿರುತ್ತದೆ. ಅದರ ಅರ್ಧ ಭಾಗ ಉತ್ತರದ ಅರ್ಥ ಹೇಳುತ್ತದೆ, ಇನ್ನರ್ಧ ಅದರ ಅಕ್ಷರಗಳನ್ನು ಹೇಗೆ ಜೋಡಿಸಬೇಕೆಂದು ಹೇಳುತ್ತದೆ. ಯಾವ ಅರ್ಧ ಎಲ್ಲಿ ಮುಗಿಯಿತೆಂದು ಮಾತ್ರ ಯಾರೂ ಹೇಳುವುದಿಲ್ಲ. ಕಟ್ಟುವವರು ಸ್ವಂತ ಹೆಸರು ಹಾಕುವುದಿಲ್ಲ. ಅಂಕಿತದ ಹಿಂದೆ ಪಾದ್ರಿಯಿರಬಹುದು, ಹಲ್ಲಿನ ಡಾಕ್ಟರಿರಬಹುದು. ಬಿಡಿಸುವ ನಮಗೆ ಅವರ ಕೈ ಗೊತ್ತು. ಒಬ್ಬ ಸೌಮ್ಯ, ಒಬ್ಬ ಜಂಬಗಾರ. ಟ್ರೆಡಲ್ ಮಾತ್ರ ಬೇರೆಯೇ ಜಾತಿ. ಮೋಸವಿಲ್ಲ, ಆದರೆ ಒಂದಿಷ್ಟೂ ಕನಿಕರವಿಲ್ಲ. ಉತ್ತರ ಸಿಕ್ಕ ಮೇಲೆ ಇಷ್ಟು ಸರಳವಿತ್ತಲ್ಲ ಎಂದು ನಮ್ಮ ತಲೆಯನ್ನು ನಾವೇ ಚಚ್ಚಿಕೊಳ್ಳುವ ಹಾಗೆ ಮಾಡುವುದು ಅವನ ಚಾಳಿ.

ನಾನು ಸಿರಿಲ್ ಸಗ್ಡನ್. ಯಾರ್ಕ್‌ಷೈರಿನ ಥಾರ್ನ್‌ಲೀ ಊರಿನ ಅಂಚೆ ಕಚೇರಿಯ ಕೌಂಟರಿನ ಹಿಂದೆ ಮೂವತ್ತನಾಲ್ಕು ವರ್ಷ ನಿಂತವನು. ಈ ಕಥೆ ನನ್ನದಲ್ಲ, ಮ್ಯೂರಿಯಲ್ ಹೋಲ್ರಾಯ್ಡಳದು. ನಮ್ಮ ಓಣಿಯ ಒಂಬತ್ತನೇ ಮನೆ. ಶಾಲೆಯಲ್ಲಿ ನನಗಿಂತ ಎರಡು ತರಗತಿ ಮುಂದಿದ್ದಳು, ಒಮ್ಮೆ ನನ್ನ ಕಿವಿ ಹಿಂಡಿದ್ದಳು. ಮುಂದೆ ಅದೇ ಶಾಲೆಯ ಅಡುಗೆಯವಳಾಗಿ ಮುನ್ನೂರು ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸಿದಳು. ಗಂಡ ವಿಲ್ಫ್ ಮಗ್ಗದ ಯಂತ್ರ ಮಾಡುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದ. ಪೆನ್ಸಿಲ್ ಚೂಪು, ಮಾತು ಕಡಿಮೆ. ಮಕ್ಕಳಿರಲಿಲ್ಲ.

ಸೋಮವಾರ ಬಿಟ್ಟು ಸೋಮವಾರ ಮ್ಯೂರಿಯಲ್ ಒಂದು ಕಂದು ಲಕೋಟೆ ತರುತ್ತಿದ್ದಳು. ಲಂಡನ್ನಿಗೆ. ತೂಕ ಮಾಡಿ ಅಂಚೆಚೀಟಿ ಕೊಡುತ್ತಿದ್ದವನು ನಾನೇ. ವಿಮೆಯ ಕಾಗದವಿರಬೇಕು ಅಂದುಕೊಂಡಿದ್ದೆ. ಬಿಡಿಸಲಾಗದ ಪದಬಂಧವನ್ನು ಕೌಂಟರಿನ ಮೇಲೆ ಹರಡಿಕೊಂಡು ಆಕೆಯ ಎದುರೇ ಗೊಣಗುತ್ತಿದ್ದೆ.

"ಈ ಟ್ರೆಡಲ್ ಅನ್ನೋನಿಗೆ ಮನೇಲಿ ಹೆಂಡ್ತಿ ಊಟ ಹಾಕಲ್ಲ ಅಂತ ಕಾಣುತ್ತೆ. ಅದಕ್ಕೇ ನಮ್ಮ ಜೀವ ತಿಂತಾನೆ" ಅಂದಿದ್ದೆ ಒಮ್ಮೆ.

ಆಕೆ ಚೀಟಿಗೆ ನಾಲಿಗೆ ತಾಗಿಸಿ ಅಂಟಿಸುತ್ತಾ, "ಹಾಕ್ತಾಳೆ ಬಿಡು ಸಿರಿಲ್. ಹೊಟ್ಟೆ ತುಂಬಾನೇ ಹಾಕ್ತಾಳೆ" ಅಂದಳು. ನಾನು ನಕ್ಕೆ. ಆಕೆ ನಗಲಿಲ್ಲ. ಅಲ್ಲಿಗೂ ನನ್ನ ಮಂಡೆಗೆ ಹೊಳೆಯಲಿಲ್ಲ ನೋಡಿ.

ಫೆಬ್ರವರಿಯ ಒಂದು ಮಂಗಳವಾರ ಎದೆನೋವೆಂದು ಆಸ್ಪತ್ರೆಗೆ ಹೋದ ವಿಲ್ಫ್ ಮನೆಗೆ ಬರಲಿಲ್ಲ. ಮಣ್ಣಿಗೆ ಊರೆಲ್ಲ ಹೋಗಿತ್ತು. ಅದಾಗಿ ಹತ್ತು ದಿನಕ್ಕೆ ಪತ್ರಿಕೆ ಬಿಡಿಸಿ ನೋಡುತ್ತೇನೆ, ಹಿಂಪುಟದಲ್ಲಿ ಕಪ್ಪು ಚೌಕಟ್ಟು: ಟ್ರೆಡಲ್ ಇನ್ನಿಲ್ಲ. ಇಪ್ಪತ್ತಾರು ವರ್ಷ ನಮ್ಮನ್ನು ಸತಾಯಿಸಿ ಸಂತೋಷಪಡಿಸಿದ ಟ್ರೆಡಲ್, ಥಾರ್ನ್‌ಲೀ ಊರಿನ ವಿಲ್ಫ್ರೆಡ್ ಹೋಲ್ರಾಯ್ಡ್, ಎಂದು ಬರೆದಿದ್ದರು. ಕೆಳಗೆ, ಇನ್ನೊಬ್ಬ ರಚನಕಾರ ಅವನ ನೆನಪಿಗೆ ಕಟ್ಟಿದ ಪದಬಂಧ. ಅದು ಈ ಜನರ ಪದ್ಧತಿ. ತಮ್ಮವನೊಬ್ಬ ಹೋದರೆ ಹೂವಿಡುವುದಿಲ್ಲ, ಪದಬಂಧ ಕಟ್ಟುತ್ತಾರೆ, ಒಳಗೆಲ್ಲೋ ಅವನ ಹೆಸರು ಅಡಗಿಸಿಡುತ್ತಾರೆ. ಅಲ್ಲಿಗೆ ಆ ಅಂಕಿತ ಮುಗಿಯಿತು. ಮತ್ತೆ ಯಾರೂ ಅದನ್ನು ಬಳಸುವಂತಿಲ್ಲ.

ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಇಷ್ಟು ವರ್ಷ ನಾಲ್ಕು ಬಾಗಿಲಾಚೆಯ ಮನುಷ್ಯನನ್ನು ಬೈದಿದ್ದೇನೆ! ಮ್ಯೂರಿಯಲ್ ಬಳಿ ಬರಿಗೈಲಿ ಹೋಗಲು ಮನಸ್ಸಾಗದೆ, ಆರು ವರ್ಷದ ಹಿಂದೆ ತೀರಿಹೋದ ನನ್ನ ಹೆಂಡತಿಯ ಅಡುಗೆ ಪುಸ್ತಕ ಹುಡುಕಿ, ಜೀವನದಲ್ಲಿ ಮೊದಲ ಸಲ ಪಾರ್ಕಿನ್ ಮಾಡಿದೆ. ಓಟ್ಸ್, ಶುಂಠಿ, ಕಾಕಂಬಿ ಹಾಕಿ ಮಾಡುವ ನಮ್ಮ ಕಡೆಯ ಕೇಕು. ಇಟ್ಟಿಗೆಯ ಹಾಗೆ ಬಂತು. ಆದರೂ ಡಬ್ಬಿಗೆ ತುಂಬಿ, ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ.

ಮ್ಯೂರಿಯಲ್ ಕಿಟಕಿ ಬಳಿಯ ಮೇಜಿನ ಮುಂದೆ ಕೂತಿದ್ದಳು. ಮೇಜೆಂದರೆ ಆಕೆಯ ತಾಯಿಯ ಹೊಲಿಗೆ ಯಂತ್ರದ್ದು, ಕೆಳಗೆ ಕಬ್ಬಿಣದ ಪೆಡಲ್ ಇನ್ನೂ ಇತ್ತು. ಕೈಯಲ್ಲಿ ಪೆನ್ನು, ಮುಂದೆ ಅದೇ ಪದಬಂಧ. ಚೌಕದ ಅಷ್ಟೂ ಮನೆ ತುಂಬಿಸಿ ಮುಗಿಸಿದ್ದಳು. ನನಗೆ ಇನ್ನೂ ನಾಲ್ಕೇ ಪದ ಸಿಕ್ಕಿದ್ದವು. ಅಳುತ್ತಿದ್ದಾಳೇನೋ ಎಂದು ನೋಡಿದರೆ, ಇಲ್ಲ, ಸಿಟ್ಟಿನಿಂದ ಮುಖ ಕೆಂಪಾಗಿತ್ತು.

"ಕೊನೇದು ತಪ್ಪು" ಅಂದಳು. "ಕೆಳಮೂಲೇಲಿ ಯಾವ್ದೋ ನದಿ ಹೆಸರು ಹಾಕಿದಾರೆ. ಟ್ರೆಡಲ್ ಪದಬಂಧದಲ್ಲಿ ಅಲ್ಲಿ ತಿನ್ನೋದು ಇರ್ಬೇಕು. ಇಪ್ಪತ್ತಾರು ವರ್ಷದಲ್ಲಿ ಒಬ್ರಿಗೂ ಗೊತ್ತಾಗಿಲ್ವಲ್ಲ."

ನನಗೂ ಗೊತ್ತಾಗಿರಲಿಲ್ಲ. ವಿಲ್ಫ್ ಊಟಪ್ರಿಯ ಇದ್ದನೋ ಏನೋ ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹೇಳಿದಳು.

ಸುಳಿವುಗಳೆಲ್ಲ ಆಕೆಯವೇ. ಒಂದು ಬಿಡದೆ, ಇಪ್ಪತ್ತಾರು ವರ್ಷದವು. ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯುವಷ್ಟು ಹೊತ್ತಿನಲ್ಲಿ, ತರಕಾರಿ ಚೀಟಿಯ ಬೆನ್ನಿನ ಮೇಲೆ ಬರೆದವು. ಚೌಕ ಮಾತ್ರ ವಿಲ್ಫನದು: ಮನೆ ಎಳೆದು, ಕಪ್ಪು ತುಂಬಿ, ಪದಕ್ಕೆ ಪದ ಹೆಣೆದು ಕೊಡುತ್ತಿದ್ದ. ಕೊನೆಯ ಪದವನ್ನು ತುಂಬುವಾಗ ಅಡುಗೆಮನೆ ಕಡೆ ತಿರುಗಿ, ಇವತ್ತು ಊಟಕ್ಕೇನು ಎಂದು ಕೇಳುತ್ತಿದ್ದನಂತೆ. ಏನಿತ್ತೋ ಅದೇ ಕೆಳಮೂಲೆಗೆ. ಎಂದೂ ಸುಳ್ಳು ಹಾಕಿದವನಲ್ಲ. ಒಮ್ಮೆ ಆಕೆ ಮುನಿಸಿಕೊಂಡು ಒಲೆ ಹಚ್ಚದಿದ್ದ ದಿನ, ಬರೀ ಬ್ರೆಡ್ಡೆಂದು ಹಾಕಿದ್ದ.

ಮೊದಲೆರಡು ಪದಬಂಧಗಳನ್ನು ಆಕೆ ತನ್ನ ಹೆಸರಲ್ಲೇ ಕಳಿಸಿದ್ದಳು. ಆಗಿನ ಸಂಪಾದಕ ಹೆಂಗಸರ ಕೈ ಹಗುರವಾಯಿತೆಂದು ವಾಪಸು ಕಳಿಸಿದ. ಮೂರನೆಯದಕ್ಕೆ ವಿಲ್ಫ್ ಸಹಿ ಹಾಕಿದ. ಒಂದೇ ವಾರದಲ್ಲಿ ಒಪ್ಪಿಗೆ ಬಂತು. ಪ್ರತಿ ಕ್ರಿಸ್‌ಮಸ್ಸಿಗೂ ವಿಲ್ಫ್ ನಿಜ ಹೇಳಿಬಿಡೋಣ ಅನ್ನುತ್ತಿದ್ದನಂತೆ, ಆಕೆಯೇ ಈಗೇಕೆ ಅನ್ನುತ್ತಿದ್ದಳಂತೆ. ಮಣ್ಣಾದ ಮರುದಿನ ಆಕೆ ಪತ್ರಿಕೆಗೆ ಎರಡು ಸಾಲು ಬರೆದಿದ್ದಳು: ನನ್ನ ಗಂಡ ವಿಲ್ಫ್ ತೀರಿಕೊಂಡ, ಮುಂದಿನದು ಸ್ವಲ್ಪ ತಡವಾಗುತ್ತದೆ. ಆ ಮುಂದಿನದನ್ನು ಬರೆಯುವವಳು ತಾನೇ ಎಂದು ಬೇರೆ ಹೇಳಬೇಕೆಂದು ಹೊಳೆದಿರಲಿಲ್ಲ. ಅಲ್ಲಿ ಮೊದಲ ಸಾಲು ಓದಿ ಕಪ್ಪು ಚೌಕಟ್ಟು ಕಟ್ಟಿದರು.

"ಬದುಕಿರೋ ನನ್ನನ್ನ ಹೂತುಬಿಟ್ರು ಸಿರಿಲ್" ಅಂದಳು. "ನಾನು ಕೂತ್ಕೊಂಡು ನನ್ನ ಶ್ರದ್ಧಾಂಜಲೀನೇ ಬಿಡಿಸ್ತಾ ಇದೀನಿ."

ನನಗೆ ಮೈಯೆಲ್ಲ ಉರಿಯಿತು. ಈಗಲೇ ಪತ್ರಿಕೆಗೆ ಬರೆ, ಹೆಸರು ವಾಪಸು ಕೇಳು ಅಂದೆ. ಆಕೆ ಒಪ್ಪಲಿಲ್ಲ. ವಿಲ್ಫನ ಹೆಸರು ಲಂಡನ್ನಿನ ಪತ್ರಿಕೆಯಲ್ಲಿ ಬಂದದ್ದು ಜೀವಮಾನದಲ್ಲಿ ಇದೊಂದೇ ಸಲ, ಮಣ್ಣು ಹಸಿ ಇರುವಾಗಲೇ ಅದನ್ನು ಕಿತ್ತುಕೊಳ್ಳಲೇ ಎಂದು ಕೇಳಿದಳು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಆಕೆಗೆ ಚೌಕ ಕಟ್ಟಲು ಬರುತ್ತಿರಲಿಲ್ಲ. ಹತ್ತು ದಿನದಿಂದ ಪ್ರಯತ್ನಿಸಿದ್ದಳು. ಮೇಲೆ ಎಡಗಡೆಯಿಂದ ಶುರು ಮಾಡಿದರೆ ಮುಕ್ಕಾಲು ಭಾಗ ಸರಾಗ, ಕೆಳಮೂಲೆಗೆ ಬಂದಾಗ ಯಾವ ಪದವೂ ಕೂರುವುದಿಲ್ಲ. ಹೆಸರು ವಾಪಸು ಬಂದರೂ ಅದರ ಕೆಳಗೆ ಇಡಲು ಏನಿದೆ?

"ಕಲ್ತ್ಕೋ. ಅದೇನು ದೊಡ್ಡ ವಿಷ್ಯ" ಅಂದುಬಿಟ್ಟೆ.

ಬಾಯಿಂದ ಮಾತು ಬಿದ್ದ ಮೇಲೆ ಎತ್ತಿಕೊಳ್ಳಲಾಗುತ್ತದೆಯೇ? ಆಕೆ ಎದ್ದು ಬಾಗಿಲು ತೆಗೆದು ಹಿಡಿದಳು. ನಾನು ಹೊರಗೆ ಬಂದ ಮೇಲೆ, ನಾನು ಕೈಗಿತ್ತ ಡಬ್ಬಿಯನ್ನು ಅಲ್ಲಾಡಿಸಿ ಏನಿದು ಎಂದು ಕೇಳಿದಳು. ಪಾರ್ಕಿನ್, ಇವತ್ತು ಮಾಡಿದ್ದು ಅಂದೆ. ಮಾಡಿದ ದಿನ ಪಾರ್ಕಿನ್ ತಿನ್ನುವ ಮೂರ್ಖ ಯಾರ್ಕ್‌ಷೈರಿನಲ್ಲಿ ನೀನೊಬ್ಬನೇ, ಡಬ್ಬಿಯಲ್ಲಿ ಮಲಗಿದಷ್ಟೂ ಮೆತ್ತಗಾಗುತ್ತದೆ ಎಂದು ಹೇಳಿ ಬಾಗಿಲು ಹಾಕಿಕೊಂಡಳು. ಡಬ್ಬಿ ಮಾತ್ರ ಒಳಗೇ ಉಳಿಯಿತು.

ಮುಂದಿನ ಸೋಮವಾರ ಕೌಂಟರಿಗೆ ಬಂದಳು. ಕೈಯಲ್ಲಿ ತೆಳ್ಳನೆ ಲಕೋಟೆ, ಪದಬಂಧ ವಿಭಾಗದ ಸಂಪಾದಕರಿಗೆ. ನಿಜ ಹೇಳಿದ್ದೀಯೇನು ಎಂದು ಕೇಳಿಯೇಬಿಟ್ಟೆ. ಇಲ್ಲವಂತೆ. ತಪ್ಪು ತಿದ್ದಿ ಬರೆದಿದ್ದಳಂತೆ, ಅಷ್ಟೇ. ಬಿಡಿಸುವವರು ತಪ್ಪು ಕಂಡರೆ ಪತ್ರ ಬರೆಯುತ್ತಾರೆ, ಅದೂ ಒಂದು ಪದ್ಧತಿ. ಟ್ರೆಡಲ್ ಮೇಲೆ ಗೌರವವಿದ್ದವರು ಕೆಳಮೂಲೆಯಲ್ಲಿ ನದಿ ಹರಿಸುತ್ತಿರಲಿಲ್ಲ, ಅಲ್ಲಿ ಊಟದ ತಟ್ಟೆ ಇರಬೇಕಿತ್ತು ಎಂದು. ಸಹಿ, ಶ್ರೀಮತಿ ಎಂ. ಹೋಲ್ರಾಯ್ಡ್. ದುಃಖ ಸಹಿಸಿಕೊಂಡಳು, ತಪ್ಪು ಸಹಿಸಿಕೊಳ್ಳಲಿಲ್ಲ. ಇವರೆಲ್ಲ ಹೀಗೇ.

ಆ ಪತ್ರವೇ ಗುಟ್ಟು ಬಿಚ್ಚಿತು. ಸಂಪಾದಕಿ ರೋಸಲಿಂಡ್ ಪೀಕ್ ಎಂಬಾಕೆ, ಮೂರು ವರ್ಷದ ಹಿಂದೆ ಬಂದವರು, ಹಳೆಯ ಸಂಚಿಕೆಗಳನ್ನೆಲ್ಲ ತೆಗೆಸಿ ಕೆಳಮೂಲೆಗಳನ್ನು ನೋಡಿದರು. ಆರುನೂರಕ್ಕೂ ಹೆಚ್ಚು ಊಟ. ಯಾವ ಓದುಗನೂ ಗಮನಿಸದ್ದು ಈಕೆಗೆ ಹೇಗೆ ಗೊತ್ತು? ಮಾರ್ಚ್ ತಿಂಗಳ ಒಂದು ಶನಿವಾರ ರೈಲು ಹತ್ತಿ ಬಂದೇಬಿಟ್ಟರು. ಮ್ಯೂರಿಯಲ್ ನನಗೂ ಹೇಳಿಕಳಿಸಿದಳು, ಬಾ, ಆದರೆ ಬಾಯಿ ಮುಚ್ಚಿಕೊಂಡಿರು ಎಂದು.

ಅತಿಥಿ ಬರುವ ಗಡಿಬಿಡಿಯಲ್ಲಿ ಆಕೆ ಏನೂ ಮಾಡಿರಲಿಲ್ಲ. ಗಂಡ ಹೋದ ಮೇಲೆ ಒಲೆಯ ಮೇಲೆ ಚಹಾ ಬಿಟ್ಟು ಬೇರೇನೂ ಏರಿರಲಿಲ್ಲವೆಂದು ಕಾಣುತ್ತದೆ. ನನ್ನ ಡಬ್ಬಿಯ ಮುಚ್ಚಳ ಆವತ್ತು ತೆರೆಯಿತು. ಮೂರು ವಾರ ಮಲಗಿದ್ದ ಪಾರ್ಕಿನ್ ಚಾಕುವಿಗೆ ಬೆಣ್ಣೆಯ ಹಾಗೆ ಸಿಕ್ಕಿತು. ಸಂಪಾದಕಿ ಎರಡು ತುಂಡು ತಿಂದರು. ಮ್ಯೂರಿಯಲ್ಲೂ ತಿಂದಳು.

ಕೇಳಿದ್ದಕ್ಕೆ ಎಲ್ಲ ಹೇಳಿದಳು, ತರಕಾರಿ ಚೀಟಿಗಳ ರಾಶಿ ತಂದು ತೋರಿಸಿದಳು. ಸಂಪಾದಕಿಯ ಮುಖ ಬಿಳಿಚಿತು. ಕೈ ಹಗುರವೆಂದು ಬರೆದ ಹಿಂದಿನವರ ಪರವಾಗಿ ಕ್ಷಮೆ ಕೇಳಿದರು. ಆಮೇಲೆ ಮೆಲ್ಲಗೆ, "ಮಿಸೆಸ್ ಹೋಲ್ರಾಯ್ಡ್, ಟ್ರೆಡಲ್‌ಗೆ ಮುನ್ನೂರು ಜನ ಅತ್ಕೊಂಡು ಕಾಗದ ಬರ್ದಿದಾರೆ. ಆ ಹೆಸರನ್ನ ಮತ್ತೆ ಎಬ್ಬಿಸೋಕೆ ನನ್ ಕೈಲಾಗಲ್ಲ. ಆದ್ರೆ ತಿದ್ದುಪಡಿ ಹಾಕ್ತೀನಿ. ಎಲ್ಲಾ ನೀವೇ ಬರ್ದಿದ್ದು ಅಂತ ಮೊದಲನೇ ಪುಟದಲ್ಲೇ ಹಾಕ್ತೀನಿ" ಅಂದರು.

"ಬೇಡ" ಅಂದಳು ಮ್ಯೂರಿಯಲ್. "ಟ್ರೆಡಲ್ ಅವನದೇ ಇರ್ಲಿ. ಅವನಿಲ್ದೆ ನಾನು ಟ್ರೆಡಲ್ ಅಲ್ಲ."

ನನಗೆ ತಡೆಯಲಾಗಲಿಲ್ಲ. "ನಿನ್ ಹೆಸರು ಒಂದು ಸಲಾನೂ ಬಂದಿಲ್ವಲ್ಲೇ" ಅಂದೆ. ಆಕೆ ನೋಡಿದ ನೋಟಕ್ಕೆ ಪಾರ್ಕಿನ್ ಗಂಟಲಲ್ಲೇ ನಿಂತಿತು.

ಹಾಗಾದರೆ ಹೊಸ ಅಂಕಿತ ಇಟ್ಟುಕೊಳ್ಳಿ, ಚೌಕವನ್ನು ನಮ್ಮಲ್ಲೇ ಬೇರೆ ಯಾರಾದರೂ ಕಟ್ಟಿಕೊಡುತ್ತಾರೆ ಎಂದರು ಸಂಪಾದಕಿ. ಆಕೆ ಅದಕ್ಕೂ ಬೇಡವೆಂದು ತಲೆಯಾಡಿಸಿದಳು. ಮುನ್ನೂರು ಮಕ್ಕಳಿಗೆ ಬೇಯಿಸಿದವಳು ಇನ್ನೊಬ್ಬರು ಹೆಚ್ಚಿಕೊಟ್ಟ ತರಕಾರಿಗೆ ಕೈ ಹಾಕಿದವಳಲ್ಲವಂತೆ. "ನಾನೇ ಕಟ್ತೀನಿ. ಬಂದ್ರೆ ಕಳಿಸ್ತೀನಿ, ಬರ್ದೇ ಇದ್ರೆ ಇಲ್ಲ." ಸಂಪಾದಕಿ ಎಷ್ಟು ದಿನವಾದರೂ ಕಾಯುತ್ತೇನೆ ಅಂದು ಸಂಜೆಯ ರೈಲಿಗೆ ಹೊರಟರು. ನಾನು ಮಾತ್ರ ಒಳಗೊಳಗೇ ಕುದಿದೆ. ಇದ್ದ ಹೆಸರು ಬಿಟ್ಟುಕೊಟ್ಟಳು, ಬರುವ ಹೆಸರು ಬರುತ್ತದೋ ಇಲ್ಲವೋ. ಅರವತ್ತೆಂಟು ವಯಸ್ಸಿಗೆ ಹೊಸ ವಿದ್ಯೆ ಕಲಿಯಲು ಕೂತವಳ ಮೇಲೆ ಪಂದ್ಯ ಕಟ್ಟಲು ನನಗೇ ಧೈರ್ಯವಿರಲಿಲ್ಲ, ಕಲಿತುಕೋ ಅಂದವನು ನಾನೇ ಆದರೂ.

ಎರಡು ದಿನದ ಮೇಲೆ ಕೌಂಟರಿಗೆ ಬಂದಾಗ ಆಕೆಯ ಕಣ್ಣು ಬೇರೆಯಾಗಿತ್ತು. ವಿಲ್ಫನ ಖಾನೆ ತೆಗೆದಿದ್ದಳಂತೆ. ಅಲ್ಲಿ ಕಪ್ಪು ತುಂಬಿಟ್ಟ ಖಾಲಿ ಚೌಕಗಳು ನಲವತ್ತು. ಎಲ್ಲದರ ಮೇಲೆ ಒಂದು ಹಾಳೆ, ಆಸ್ಪತ್ರೆಗೆ ಹೋಗುವ ಹಿಂದಿನ ದಿನದ್ದು. ಅದರಲ್ಲಿ ಒಂದೇ ಪದ. ಕೆಳಮೂಲೆಯಲ್ಲಿ, ಕಿಪ್ಪರ್. ಆವತ್ತು ಆಕೆ ಹುರಿದಿದ್ದ ಮೀನು.

"ಕೊನೇ ಪದ ಕೊನೇಲಿ ಹಾಕ್ತಿದ್ದ ಅಂತ ನಾನು ತಿಳ್ಕೊಂಡಿದ್ದೆ ಕಣೋ" ಅಂದಳು. "ಮೊದಲು ಅದನ್ನೇ ಹಾಕ್ತಿದ್ದ. ಅಲ್ಲಿಂದ ಮೇಲಕ್ಕೆ ಕಟ್ತಾ ಹೋಗ್ತಿದ್ದ. ಊಟಕ್ಕೇನು ಅಂತ ಕೇಳ್ತಿದ್ದಿದ್ದು ಮುಗಿಸೋಕಲ್ಲ, ಶುರು ಮಾಡೋಕೆ."

ಮಾತು ಮುಗಿಸುವ ಮೊದಲೇ ಆಕೆಯ ಕಣ್ಣು ತುಂಬಿತು. ಹಿಂದೆ ಪಿಂಚಣಿಯವರ ಸಾಲಿತ್ತು. ಯಾರೂ ಗೊಣಗಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಪಾಡು. ವಾರಕ್ಕೆರಡು ಸಲ ಬಂದು, ಎ ಅಕ್ಷರದಲ್ಲಿ ಮುಗಿಯುವ ಒಂಬತ್ತಕ್ಷರದ ಪದ ಹೇಳು ಅನ್ನುವಳು. ಇಂಗ್ಲಿಷಿನಲ್ಲಿ ಅಂಥವು ಎಷ್ಟಿವೆ? ಹೂವಿನ ಹೆಸರು, ರೋಗದ ಹೆಸರು ಏನೇನೋ ಹೇಳಿದೆ. ರೋಗ ಬೇಡ, ಬೆಳಗಿನ ಚಹಾದ ಜೊತೆ ಯಾರಿಗೂ ರೋಗ ಬಡಿಸಬಾರದು ಎಂದು ಬೈದಳು. ಕೆ ಅಕ್ಷರದಲ್ಲಿ ಮುಗಿಯುವ ಏಳಕ್ಷರದ್ದು ಹೇಳಿದರೆ ಅದರ ಪಕ್ಕದ್ದು ಕುಸಿಯಿತು ಅನ್ನುವಳು. ವಸಂತ ಹೋಯಿತು, ಬೇಸಿಗೆ ಹೋಯಿತು. ರಬ್ಬರಿನ ಪುಡಿ ಆಕೆಯ ತೋಳಿನ ಮೇಲೆ ಹಿಟ್ಟಿನ ಹಾಗೆ ಹತ್ತಿಕೊಂಡಿರುತ್ತಿತ್ತು. ಆಗಸ್ಟಿನಲ್ಲಿ ಮೂರು ವಾರ ಬರಲೇ ಇಲ್ಲ. ಬಿಟ್ಟಳೆಂದುಕೊಂಡೆ, ಕೇಳಲು ಹೆದರಿದೆ. ಚೌಕವನ್ನೂ ಯಾರಿಗೂ ತೋರಿಸುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ಸೋಮವಾರ ಕಂದು ಲಕೋಟೆ ತಂದು ಕೌಂಟರಿನ ಮೇಲಿಟ್ಟಳು. ನಾನು ಅದನ್ನು ಎರಡು ಸಲ ತೂಗಿದೆ.

ನವೆಂಬರಿನ ಗುರುವಾರ ಅದು ಬಂತು. ಪದಬಂಧದ ಮೇಲೆ ಹೊಸ ಅಂಕಿತ: ಬಾಬಿನ್. ಹೊಲಿಗೆ ಯಂತ್ರದ ತಗಡಿನ ಕೆಳಗೆ, ಕಣ್ಣಿಗೆ ಬೀಳದೆ ಕೂತು ಅಡಿಯ ದಾರ ಕೊಡುವ ಪುಟ್ಟ ಉರುಳೆ. ಅದಿಲ್ಲದೆ ಒಂದು ಹೊಲಿಗೆಯೂ ಬೀಳದು. ಓದಿ ಎದೆ ತುಂಬಿ ಬಂತು, ಬಿಡಿಸಲು ಕೂತೆ, ಹತ್ತು ನಿಮಿಷದಲ್ಲಿ ಬಾಯಿಗೆ ಬಂದಂತೆ ಬೈಯತೊಡಗಿದೆ. ಅದೇ ಕೈ, ಅದೇ ನಿರ್ದಯತೆ.

ನಾನು ಹೇಳಿಕೊಟ್ಟ ಹೂವಿನ ಹೆಸರು ಬಲಗಡೆ ಮೇಲಿಂದ ಕೆಳಕ್ಕೆ ಇಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದು ಕೆಳಮೂಲೆ ಮಾತ್ರ ಉಳಿಯಿತು. ಆರು ಮನೆ. ಎರಡನೆಯದು ಎ, ನಾಲ್ಕನೆಯದು ಕೆ, ಕೊನೆಯದು ಎನ್. ಊಟದ್ದೇ ಇರಬೇಕು, ಯಾವ ಊಟ? ಮೀನು ನೆನೆದೆ, ಮಾಂಸ ನೆನೆದೆ. ಒಮ್ಮೆಲೇ ಕಂಡಿತು. ಪೆನ್ನು ಕೆಳಗಿಟ್ಟು ಎದ್ದು ಕೌಂಟರಿಗೆ 'ಮುಚ್ಚಿದೆ' ಎಂಬ ಹಲಗೆ ಹಾಕಿದೆ. ಮೂವತ್ತನಾಲ್ಕು ವರ್ಷದಲ್ಲಿ ಗುರುವಾರ ಎರಡು ಗಂಟೆಗೆ ಹಾಕಿದ್ದು ಅದೊಂದೇ ಸಲ.

ಒಂಬತ್ತನೇ ಮನೆಯ ಬಾಗಿಲು ತೆರೆದಿತ್ತು. ಒಲೆಯ ಮೇಲೆ ಏನೋ ಕುದಿಯುತ್ತಿತ್ತು, ಈರುಳ್ಳಿಯ ಘಮ. ಮ್ಯೂರಿಯಲ್ ಯಂತ್ರದ ಮೇಜಿನ ಮುಂದೆ ಇನ್ನೊಂದು ಚೌಕ ಹಿಡಿದು ಕೂತಿದ್ದಳು. ನಾನು ಪತ್ರಿಕೆ ಮುಂದಿಟ್ಟು ಕೆಳಮೂಲೆಯ ಮೇಲೆ ಬೆರಳಿಟ್ಟೆ. ಪಾರ್ಕಿನ್.

"ಆರು ತಿಂಗಳು ನನ್ ತಲೆ ತಿಂದಿದ್ದು ಈ ಪದಕ್ಕಾ?" ಅಂದೆ.

"ಹೂಂ. ಇದೊಂದು ಬದಲಾಯಿಸಿದ್ರೆ ಎರಡು ವಾರದ ಕೆಲ್ಸ" ಅಂದಳು, ತಲೆ ಎತ್ತದೆ.

"ಮತ್ತೆ ಬದಲಾಯಿಸ್ಬಾರ್ದಿತ್ತಾ?"

ಆಕೆ ಪೆನ್ಸಿಲ್ ಕೆಳಗಿಟ್ಟು, ಎದುರಿನ ಕುರ್ಚಿಯನ್ನು ಕಾಲಲ್ಲಿ ನನ್ನ ಕಡೆ ತಳ್ಳಿದಳು. ಅದು ವಿಲ್ಫ್ ಕೂರುತ್ತಿದ್ದ ಕುರ್ಚಿ.

"ಹೇಗೋ ಬದಲಾಯಿಸ್ಲಿ?" ಅಂದಳು. "ನಾನೇ ಕಟ್ತೀನಿ ಅಂದ ದಿನ ನಾನು ತಿಂದಿದ್ದು ಅದೇ ಅಲ್ವಾ."